ಹೇಳದೆ ಸಡಿಲಿಸಿದ ಬಿಲ್ಲು

"ನಿಮ್ಮ ಎಳೆತದ ಉದ್ದ ಎಷ್ಟು, ಮೇಡಂ?"

ಆ ಧ್ವನಿ ಕಿವಿಗೆ ಬಿದ್ದದ್ದೇ ತಡ, ಅವಳ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು.

ಬಿಲ್ಲಿನ ಅಂಗಡಿಯ ಒಳಗೆ, ಉದ್ದನೆಯ ಕೆಲಸದ ಮೇಜಿನ ಹಿಂದೆ, ಕಂದು ಏಪ್ರನ್ ಕಟ್ಟಿಕೊಂಡು ನಿಂತಿದ್ದವನು ಬೇರೆ ಯಾರೂ ಅಲ್ಲ... ಅವಳ ಗಂಡ!

ಎಳೆತದ ಉದ್ದವಂತೆ! ದಾರವನ್ನು ಎಲ್ಲಿಯವರೆಗೆ ಎಳೆದರೆ ಅದು ಅವಳ ಮೂಗಿನ ತುದಿಗೆ ಬಂದು ತಾಗುತ್ತದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವನಿಗೇ. ಮದುವೆಗೆ ಮುಂಚೆ, ಕ್ಲಬ್ಬಿನ ಮೈದಾನದಲ್ಲಿ, ಟೇಪು ಹಿಡಿದು ಅವಳ ತೋಳಿನ ಅಳತೆ ತೆಗೆಯುವಾಗ ಕಿವಿಯವರೆಗೂ ಕೆಂಪಾಗಿದ್ದವನು ಇವನೇ ಅಲ್ಲವೇ?

"ನೀನು... ಇಲ್ಲೇನು ಮಾಡ್ತಿದೀಯಾ?"

"ಕೆಲಸ."

"ತಂಡದ ಬಿಲ್ಲು ನೋಡ್ಕೊಳ್ಳೋ ಕೆಲಸ?"

"ಬಿಟ್ಟೆ." ಅವನು ಕಣ್ಣೆತ್ತಲಿಲ್ಲ. ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ.

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ನಿನ್ನೆ ಫೋನ್ ಮಾಡಿ ಬುಕ್ ಮಾಡಿದ್ದು ನೀನು... ನೀವು ಅಂತ ಗೊತ್ತಿತ್ತು."

"ಗೊತ್ತಿದ್ದೂ ಬಂದ್ಯಾ? ಒಂದು ದಿನ ರಜ ಹಾಕಬಹುದಿತ್ತಲ್ಲ!"

"ಹಾಕಬಹುದಿತ್ತು," ಅಂದ ಅವನು. ಅಷ್ಟೇ.

ಹಿಂದಿನ ಕೋಣೆಯಿಂದ ಅಂಗಡಿಯ ಯಜಮಾನಿ ಬಂದರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಧ್ವನಿ. "ಏನಪ್ಪಾ, ಮೊದಲೇ ಪರಿಚಯ ಇದೆಯಾ?"

"ಇದೆ," ಅಂದ ಅವನು.

"ಇಲ್ಲ," ಅಂದಳು ಅವಳು.

ಯಜಮಾನಿ ಇಬ್ಬರ ಮುಖವನ್ನೂ ನೋಡಿದರು. "ಸರಿ ಬಿಡಿ, ಅರ್ಧ ಪರಿಚಯ ಅಂದ್ಕೋತೀನಿ," ಎಂದು ಬಾಣಗಳ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಳಗೆ ಹೋದರು.

ಅವಳಿಗೆ ವಾಪಸ್ ಹೋಗಿಬಿಡಬೇಕು ಅನ್ನಿಸಿತು. ಆದರೆ ಎಲ್ಲಿಗೆ ಹೋಗುವುದು? ಚಕ್ರಗಳಿರುವ ಕಾಂಪೌಂಡ್ ಬಿಲ್ಲನ್ನು ಕೈಯಲ್ಲಿ ಹಿಡಿದು, ಎಳೆದು, ನಾಲ್ಕು ಬಾಣ ಬಿಟ್ಟು ನೋಡಿ ಖರೀದಿಸಬಹುದಾದ ಅಂಗಡಿ ಸುತ್ತಮುತ್ತ ಇದೊಂದೇ. ಹಳೆಯ ಬಿಲ್ಲನ್ನು ಅವಳು ಮುಟ್ಟುತ್ತಿರಲಿಲ್ಲ.

ಯಾಕೆಂದರೆ ಆ ಬಿಲ್ಲು ಅವಳಿಗೆ ಮೋಸ ಮಾಡಿತ್ತು. ಅಲ್ಲ, ಆ ಬಿಲ್ಲಿನ ಮೂಲಕ ಅವನು ಮೋಸ ಮಾಡಿದ್ದ.

ವರ್ಷದ ದೊಡ್ಡ ಪಂದ್ಯದ ಫೈನಲ್. ಅಡ್ಡಗಾಳಿ ಬೀಸುತ್ತಿತ್ತು. ಕೊನೆಯ ಬಾಣವನ್ನು ಅವಳು ಬಿಟ್ಟದ್ದು ಸರಿಯಾಗಿಯೇ ಇತ್ತು, ಪ್ರಮಾಣ ಮಾಡಿ ಹೇಳಬಲ್ಲಳು! ಆದರೂ ಅದು ಹಳದಿ ವೃತ್ತದ ನಡುವಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು. ಒಂದೇ ಒಂದು ಅಂಕದಲ್ಲಿ ಸೋಲು.

ಆಮೇಲೆ ಒಂದು ದಿನ, ಗಂಡ ತಂಡದ ಜೊತೆ ಊರಲ್ಲಿಲ್ಲದಾಗ, ದಾರ ಬದಲಿಸಲು ಬಿಲ್ಲನ್ನು ಬೇರೆ ಕ್ಲಬ್ಬಿನ ಮೆಕ್ಯಾನಿಕ್ಕಿಗೆ ಕೊಟ್ಟಿದ್ದಳು. ಅವನು ಅದನ್ನು ತೂಕದ ಕೊಕ್ಕೆಗೆ ನೇತುಹಾಕಿ ಎಳೆದು ನೋಡಿ, "ಅಕ್ಕಾ, ನೀವು ಇಷ್ಟು ಹಗುರಕ್ಕೆ ಇಟ್ಟುಕೊಂಡಿದೀರಾ? ಬಾಣ ನಿಧಾನ ಹೋಗತ್ತೆ, ಗಾಳೀಲಿ ಕಷ್ಟ ಆಗಲ್ವಾ?" ಅಂದಿದ್ದ.

ಎಳೆತದ ಭಾರ ಹೊಂದಿಸುವ ಅವಳ ಬಿಲ್ಲಿನ ತಿರುಪುಗಳನ್ನು ಮುಟ್ಟುತ್ತಿದ್ದವನು ಗಂಡ ಒಬ್ಬನೇ. ಭಾರ ಇಳಿಸಿದ್ದು ಗೊತ್ತಾಗದಿರಲೆಂದು, ಬಾಣ ಗುರಿಗಿಂತ ಕೆಳಗೆ ಬೀಳದ ಹಾಗೆ, ಬಿಲ್ಲಿನ ಗುರಿಪಟ್ಟಿಯ ಗುರುತನ್ನೂ ಅವನು ಸರಿಸಿಟ್ಟಿದ್ದ!

ಅವನು ಮನೆಗೆ ಬಂದಾಗ ಕೇಳಿದ್ದಳು, "ನನ್ನ ಬಿಲ್ಲು ಸಡಿಲಿಸಿದ್ಯಾ?"

"ಹೌದು," ಅಂದಿದ್ದ.

ಯಾಕೆ ಎಂದು ಅವಳು ಕೇಳಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು... ಗೊತ್ತಿದೆ ಅಂದುಕೊಂಡಿದ್ದಳು. ಫೈನಲ್‌ಗೆ ಮುಂಚೆ ಅತ್ತೆ ಮಗನಿಗೆ ಹೇಳುತ್ತಿದ್ದದ್ದನ್ನು ಬಾಗಿಲ ಹೊರಗಿನಿಂದ ಕೇಳಿಸಿಕೊಂಡಿದ್ದಳು: "ಬಾಣ ಬಿಟ್ಟಿದ್ದು ಸಾಕು ಅಂತ ಅವಳಿಗೆ ಹೇಳೋ. ವಯಸ್ಸು ಯಾರಿಗೂ ಕಾಯ್ತಾ ಕೂತಿರಲ್ಲ."

ಅಮ್ಮನಿಗಾಗಿ ಹೆಂಡತಿಯನ್ನು ಸೋಲಿಸಿದ! ಅದೇ ದಿನ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಬಂದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಈಗ ಅವನೇ ಎದುರಿಗೆ. ಅಪರಿಚಿತನ ಹಾಗೆ "ಮೇಡಂ" ಅನ್ನುತ್ತಾ...

'ಸರಿ. ಅಪರಿಚಿತನಾಗಿಯೇ ಇರಲಿ,' ಎಂದುಕೊಂಡು ಅವಳು ಗೋಡೆಯ ಕಡೆ ನಡೆದಳು.

ಗೋಡೆಯ ತುಂಬ ಬಿಲ್ಲುಗಳು. ಎರಡೂ ತುದಿಗೆ ರಾಟೆಯಂಥ ಚಕ್ರಗಳು, ಅವುಗಳ ನಡುವೆ ಬಿಗಿದ ದಾರಗಳು. ಅವಳ ಕಣ್ಣು ಹೋದದ್ದು ಕೆಂಪು ಬಿಲ್ಲಿನ ಮೇಲೆ. ಬಾಣವನ್ನು ಸಿಡಿಲಿನ ಹಾಗೆ ಕಳಿಸುವ ಬಿಲ್ಲು ಅದು.

"ಇದು. ನನ್ನ ಹಳೇ ಭಾರಕ್ಕೇ ಇಡಿ."

"ಹಳೇ ಭಾರ ಅಂದ್ರೆ...?"

"ನಾನು ಎಳೀತಿದೀನಿ ಅಂತ ನಂಬಿದ್ನಲ್ಲ, ಆ ಭಾರ!"

ಅವನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ತಿರುಪುಗಳನ್ನು ಬಿಗಿದ. ಬಿಲ್ಲನ್ನು ಕೊಕ್ಕೆಗೆ ಹಾಕಿ, ಎಳೆದು, ಅಳತೆಯ ಮುಖವನ್ನು ಅವಳ ಕಡೆಗೆ ತಿರುಗಿಸಿದ.

"ನೋಡ್ಕೊಳ್ಳಿ."

"ನೋಡ್ದೆ."

"ಸರಿಯಾಗಿ ನೋಡಿ."

"ನೋಡ್ದೆ ಅಂದ್ನಲ್ಲ!"

ಅಂಗಡಿಯ ಉದ್ದಕ್ಕೂ ಚಾಚಿದ ಕಿರಿದಾದ ಓಣಿಯ ತುದಿಯಲ್ಲಿ ಗುರಿಹಲಗೆ ಇತ್ತು. ಅವಳು ನಿಂತಳು. ಬಾಣ ಹೂಡಿದಳು. ಎಳೆದಳು.

ಕಾಂಪೌಂಡ್ ಬಿಲ್ಲಿನ ಸ್ವಭಾವವೇ ಹಾಗೆ. ಎಳೆತದ ನಡುವೆ ಪೂರ್ತಿ ಭಾರ ಮೈಮೇಲೆ ಬೀಳುತ್ತದೆ. ಅದನ್ನು ದಾಟಿದರೆ ಚಕ್ರಗಳು ಹೊರಳಿ, ಕೈಯಲ್ಲಿ ಹಗುರಾಗುತ್ತದೆ. ಮೊದಲ ಬಾಣದಲ್ಲಿ ದಾಟಿದಳು. ಎರಡನೆಯದರಲ್ಲಿ ಹಲ್ಲು ಕಚ್ಚಿ ದಾಟಿದಳು.

ಮೂರನೆಯ ಸಲ ಭುಜದೊಳಗೆ ಕಾದ ತಂತಿ ಎಳೆದ ಹಾಗಾಯಿತು!

ಹೇಗೋ ತುದಿ ಮುಟ್ಟಿದಳು. ಆದರೆ ಹಿಡಿದು ನಿಲ್ಲಲಾಗಲಿಲ್ಲ. ಸ್ವಲ್ಪ ಸಡಿಲಾದದ್ದೇ ತಡ, ಕೆಂಪು ಬಿಲ್ಲು ಅವಳ ತೋಳನ್ನು ಮುಂದಕ್ಕೆ ಕಿತ್ತುಕೊಂಡು ಹೋಯಿತು. ಬಾಣ ಹಾರದಂತೆ ಹೇಗೋ ತಡೆದು, ಬಿಲ್ಲನ್ನು ಎದೆಗೆ ಅವುಚಿಕೊಂಡಳು. ಕಣ್ಣಲ್ಲಿ ನೀರು ಚಿಮ್ಮಿತು.

ಅವನು ಒಂದು ಹೆಜ್ಜೆ ಮುಂದಿಟ್ಟು, ಅಲ್ಲೇ ನಿಂತ.

"ಏನು ನೋಡ್ತಿದೀಯಾ?" ಅವಳು ಕೂಗಿದಳು. "ಹೇಳು! 'ನಾನು ಹೇಳಿದ್ನಲ್ಲ' ಅಂತ ಹೇಳು!"

"ನಾನು ಹೇಳಿರಲಿಲ್ಲ," ಅಂದ ಅವನು ಮೆಲ್ಲಗೆ. "ಅದೇ ನನ್ನ ತಪ್ಪು."

ಅವಳು ಎದೆಗೆ ಅವುಚಿದ್ದ ಬಿಲ್ಲನ್ನು ಕೆಳಗಿಳಿಸಿದಳು.

"ನೀನು ಕೂದಲು ಕತ್ತರಿಸ್ಕೊಂಡು ಬಂದೆಯಲ್ಲ... ಸೆಕೆ ಅಂದೆ. ಆಗಿನ್ನೂ ಬೆಳಗ್ಗೆ ಸ್ವೆಟರ್ ಹಾಕ್ಕೊಂಡು ಓಡಾಡ್ತಿದ್ವಿ. ಜಡೆ ಹಾಕೋಕೆ ನಿನ್ನ ಕೈ ಮೇಲಕ್ಕೆ ಹೋಗ್ತಿರಲಿಲ್ಲ ಅಂತ ನಂಗೆ ಗೊತ್ತಿತ್ತು."

'ಗೊತ್ತಿತ್ತಾ? ಇಷ್ಟು ದಿನ... ಗೊತ್ತಿತ್ತಾ?'

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನಿಜ ಹೇಳ್ತಿದ್ಯಾ?"

ಅವಳು ಮುಖ ತಿರುಗಿಸಿ ಗುರಿಹಲಗೆಯ ಕಡೆ ನೋಡಿದಳು.

"ಮೊದಲನೇ ಸಲ ಅರ್ಧ ಸುತ್ತು ಅಷ್ಟೇ ಸಡಿಲಿಸಿದೆ. ಸಂಜೆ ಹೇಳೋಣ ಅಂದ್ಕೊಂಡಿದ್ದೆ. ಆದ್ರೆ ನೀನು ಮೈದಾನದಿಂದ ಓಡಿ ಬಂದು, 'ಭುಜ ವಾಸಿಯಾಗ್ತಿದೆ ಕಣೋ' ಅಂತ ನನ್ನ ಕುತ್ತಿಗೆಗೆ ಜೋತುಬಿದ್ದೆ. ಅಷ್ಟು ಖುಷಿ ನಿನ್ನ ಮುಖದಲ್ಲಿ ನೋಡಿ ಎಷ್ಟೋ ದಿನ ಆಗಿತ್ತು. ಆಮೇಲೆ... ನಾಲಿಗೆ ಏಳಲಿಲ್ಲ. ಇನ್ನಷ್ಟು ಸಡಿಲಿಸ್ತಾ ಹೋದೆ."

ಅವಳಿಗೆ ಆ ಸಂಜೆ ನೆನಪಾಯಿತು. ಹಗುರಾದ ತೋಳು. 'ನಾನಿನ್ನೂ ಮುಗಿದಿಲ್ಲ' ಎಂಬ ಆ ಉಲ್ಲಾಸ...

ಫೈನಲ್‌ನ ಸೋಲಿಗಿಂತ ದೊಡ್ಡದಾಗಿ ಏನೋ ಎದೆಯೊಳಗೆ ಮುರಿಯಿತು.

"ಅಂದ್ರೆ ಆ ಖುಷಿನೂ ಸುಳ್ಳು! ನಾನು ಕುಣೀತಿದ್ದೆ, ನೀನು ನಿಂತು ನೋಡ್ತಿದ್ದೆ. ನನ್ನ ಮೈಯಲ್ಲಿ ಏನಾಗ್ತಿದೆ ಅಂತ ನನಗೇ ಗೊತ್ತಾಗದ ಹಾಗೆ ಮಾಡಿದ್ಯಲ್ಲೋ..."

ಅವಳು ಬಿಲ್ಲನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

* * *

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಿದ್ದಳು. ತಂಗಿಯ ಮುಖ ನೋಡಿದವಳೇ ಸೂಜಿ ಚುಚ್ಚಿಟ್ಟು ಎದ್ದಳು.

"ಏನಾಯ್ತೇ?"

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ, ಬಚ್ಚಿಟ್ಟಿದ್ದ ನೋವಿನ ವಿಷಯವೂ ಬಾಯಿಂದ ಬಿದ್ದುಹೋಯಿತು.

"ಕೈ ಎತ್ತಕ್ಕಾಗ್ತಿಲ್ವಾ? ಯಾವಾಗಿಂದ?"

"...ತುಂಬಾ ದಿನದಿಂದ."

"ನನ್ನ ಮನೇಲೇ ಇದ್ಕೊಂಡು, ನನ್ನ ಹತ್ರಾನೂ ಮುಚ್ಚಿಟ್ಯಲ್ಲೇ!" ಅಕ್ಕನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ನೀನು ನೋವು ಮುಚ್ಚಿಟ್ಟೆ, ಅವನು ತಿರುಪು ಮುಚ್ಚಿಟ್ಟ. ದೇವರು ಹುಡುಕಿ ಹುಡುಕಿ ಜೋಡಿ ಮಾಡಿದಾನೆ, ಮಣ್ಣು ತಿನ್ನೋ ಬುದ್ಧಿ ಇಬ್ರಿಗೂ!"

"ನಾನು ಮುಚ್ಚಿಟ್ಟಿದ್ದು ನನ್ನ ಮೈ ನೋವು ಅಕ್ಕ. ಅವನು ಮುಟ್ಟಿದ್ದು ನನ್ನ ಬಿಲ್ಲು. ಎರಡೂ ಒಂದೇನಾ?"

ಅಕ್ಕ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿದಳು. "ಒಂದೇ ಅಲ್ಲ. ಅವನದ್ದೇ ದೊಡ್ಡ ತಪ್ಪು. ಆದ್ರೆ ಗಂಡನ್ನ ಬಿಡ್ತೀಯೋ, ಇಟ್ಕೋತೀಯೋ, ಆಮೇಲೆ ನೋಡ್ಕೋ. ಮೊದಲು ಡಾಕ್ಟರ್ ಹತ್ರ ನಡಿ."

ಮೂಳೆ ಡಾಕ್ಟರ್ ವಯಸ್ಸಾದ ಹೆಂಗಸು. ತಣ್ಣನೆಯ ಬೆರಳುಗಳಿಂದ ಅವಳ ಭುಜವನ್ನು ಒತ್ತಿ, ತಿರುಗಿಸಿ, ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಸ್ನಾಯುವಿನ ನಾರು ಹಳೆಯ ಹಗ್ಗದ ಹಾಗೆ ಎಳೆ ಬಿಟ್ಟಿದೆ ಅಂದರು. ಹರಿದಿಲ್ಲ, ಇನ್ನೂ.

"ಬಿಲ್ಲು ಬಿಡಬೇಕಾ ಡಾಕ್ಟ್ರೇ?" ಕೇಳಿದಳು ಅವಳು.

"ಬಿಲ್ಲು ಬಿಡಿ ಅಂತ ಹೇಳಲ್ಲ. ಮೊದಲು ವ್ಯಾಯಾಮ, ವಿಶ್ರಾಂತಿ. ಆಮೇಲೆ ಹಗುರವಾಗಿ ಶುರು ಮಾಡಿ. ಹಳೇ ಭಾರ ಮಾತ್ರ ಮರೆತುಬಿಡಿ. ಅದು ಇನ್ನು ಬರಲ್ಲ."

ಬರಲ್ಲ...

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ದಾರಿಯುದ್ದಕ್ಕೂ ಅತ್ತಳು. ಅಕ್ಕ ಅವಳ ಎಡಗೈಯನ್ನು ಹಿಡಿದುಕೊಂಡಿದ್ದಳು. ಅಳುವಿನ ನಡುವೆ ಒಂದು ವಿಚಿತ್ರ ಅವಳ ಗಮನಕ್ಕೆ ಬಂತು. ಈ ಸುದ್ದಿಯನ್ನು ಯಾರಿಗೆ ಹೇಳಿಕೊಂಡು ಅಳಬೇಕು ಅಂತ ಮನಸ್ಸು ಹಂಬಲಿಸುತ್ತಿತ್ತೋ, ಅವನ ಮೇಲೇ ಅವಳಿಗೆ ಸಿಟ್ಟು.

ಅವನೂ ಒಂದು ಕಾಲದಲ್ಲಿ ಬಿಲ್ಲುಗಾರ. ಭುಜ ಹರಿದುಹೋಗುವವರೆಗೂ ಬಾಯಿ ಬಿಡದೆ ಆಡಿದವನು. ಇಂದಿಗೂ ಮೇಲಿನ ಶೆಲ್ಫಿನಿಂದ ಡಬ್ಬ ಇಳಿಸಲು ಅವನು ಎಡಗೈಯನ್ನೇ ಎತ್ತುವುದು.

* * *

ವ್ಯಾಯಾಮದ ವಾರಗಳು ಕಳೆದವು. ಜಡೆ ಹಾಕುವಷ್ಟು ಕೂದಲಿರಲಿಲ್ಲ, ಆದರೆ ಕೈ ತಲೆಯವರೆಗೆ ಹೋಗತೊಡಗಿತು. ಡಾಕ್ಟರ್ "ಈಗ ಹಗುರವಾಗಿ ಶುರು ಮಾಡಿ" ಅಂದ ಮರುದಿನ ಅವಳು ಅಂಗಡಿಯ ಬಾಗಿಲು ತಳ್ಳಿದಳು.

"ಬಂದ್ರಾ!" ಅಂದರು ಯಜಮಾನಿ. "ನಿಮ್ಮ ಅರ್ಧ ಪರಿಚಯದವರು ಒಳಗಿದಾರೆ. ಬಾಗಿಲು ಸದ್ದಾದಾಗೆಲ್ಲ ಕತ್ತು ಚಾಚಿ ಚಾಚಿ ಕೊಕ್ಕರೆ ಆಗಿಹೋಗಿದಾರೆ. ಕರ್ಕೊಂಡು ಹೋದ್ರೂ ಸರಿ, ಬೈದ್ರೂ ಸರಿ, ಏನಾದ್ರೂ ಒಂದು ಮಾಡಿ ಪುಣ್ಯ ಕಟ್ಕೊಳ್ಳಿ."

ಅವನು ಇಳಿದುಹೋಗಿದ್ದ. ಅಂಗಿ ಮೈಮೇಲೆ ನೇತಾಡುತ್ತಿತ್ತು.

ಅವಳು ಮೇಜಿನ ಎದುರು ನಿಂತು, ಒಂದೇ ಉಸಿರಿನಲ್ಲಿ ಹೇಳಿದಳು. ಸ್ಕ್ಯಾನು, ಎಳೆ ಬಿಟ್ಟ ನಾರು, ಹಿಂದಕ್ಕೆ ಬಾರದ ಭಾರ... ಏನನ್ನೂ ಬಿಡದೆ.

ಅವನು ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕುಸಿದು ಕೂತ.

"ಹರಿದಿಲ್ಲ ತಾನೇ?"

"ಹರಿದಿಲ್ಲ."

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಮಾತು ಒಡೆದು ಬಂತು. "ನನ್ನ ಭುಜ ಹೋದ ದಿನದ ಸದ್ದು ಇನ್ನೂ ಕಿವೀಲಿದೆ. ನಿಂಗೂ ಹಾಗಾಗಿಬಿಡತ್ತೆ ಅಂತ ಹೆದರಿಕೆ. ಹೆದರಿಕೆ ಇದೆ ಅಂತ ನಿಂಗೆ ಹೇಳೋಕೂ ಹೆದರಿಕೆ. ನಿನ್ನ ಒಳ್ಳೇದಕ್ಕೇ ಮಾಡ್ದೆ ಅಂತ ನಾನು ಹೇಳಲ್ಲ. ನನ್ನ ಹೆದರಿಕೆಗೆ ಮಾಡ್ದೆ. ತಂಡದವರಿಗೂ ಅದನ್ನೇ ಹೇಳಿ ಕೆಲಸ ಬಿಟ್ಟೆ. ಆಟಗಾರರಿಗೆ ಹೇಳದೆ ಬಿಲ್ಲು ಮುಟ್ಟೋನನ್ನ ಯಾರು ನಂಬ್ತಾರೆ?"

"ಅತ್ತೆ ಹೇಳಿದ್ರು ಅಂತ ಮಾಡಿದ್ದಲ್ವಾ?"

"ಅಮ್ಮ?" ಅವನು ನಿಜವಾಗಿಯೂ ಬೆರಗಾಗಿ ತಲೆ ಎತ್ತಿದ. "ಅಮ್ಮ ಏನು ಹೇಳಿದ್ರು?"

"ಬಾಣ ಬಿಟ್ಟಿದ್ದು ಸಾಕು ಅಂತ. ನಾನು ಬಾಗಿಲ ಹತ್ರಾನೇ ಇದ್ದೆ."

"ಆಮೇಲೆ ನಾನು ಏನು ಹೇಳ್ದೆ ಅಂತ ಕೇಳಿಸ್ಕೊಂಡ್ಯಾ?"

"...ಇಲ್ಲ. ಹೊರಟುಹೋದೆ."

"ಅವಳ ಆಟ, ಅವಳಿಷ್ಟ. ನಾನೇ ಕೇಳಲ್ಲ, ನೀನು ಯಾಕೆ ಕೇಳ್ತೀಯಾ ಅಂದೆ. ಅಮ್ಮ ಎರಡು ದಿನ ನನ್ನ ಹತ್ರ ಮಾತು ಬಿಟ್ಟಿದ್ರು."

ಅವಳಿಗೆ ನಗು ಬಂತು, ಅಳುವೂ ಬಂತು. ಅಯ್ಯೋ... ಇನ್ನೊಂದು ನಿಮಿಷ ಆ ಬಾಗಿಲಲ್ಲಿ ನಿಂತಿದ್ದರೆ!

ಆದರೂ ಸಡಿಲಿಸಿದ ಬಿಲ್ಲು ಸಡಿಲಿಸಿದ ಬಿಲ್ಲೇ. ಅವಳು ಕಣ್ಣೊರೆಸಿಕೊಂಡಳು.

"ಬಿಲ್ಲು ತೋರಿಸು."

ಅವನು ಬಿಳಿಯ ಬಿಲ್ಲೊಂದನ್ನು ತಂದ. ಗಿಡ್ಡ, ಹತ್ತಿಯ ಹಾಗೆ ಹಗುರ. "ಇದು ನಿನ್ನ ಭುಜಕ್ಕೆ ಭಾರ ಆಗಲ್ಲ. ಕಡಿಮೆ ಎಳೆತದಲ್ಲೂ ಬಾಣ ಬೇಗ ಹೋಗತ್ತೆ."

ಅವಳು ಎಳೆದು ನೋಡಿದಳು. ಹಗುರವೇನೋ ಹೌದು. ಆದರೆ ಬಿಲ್ಲಿನ ಗುರಿಗಾಜಿನ ಚುಕ್ಕೆ ಹಲಗೆಯ ಮೇಲೆ ನೊಣದ ಹಾಗೆ ಹಾರಾಡಿತು.

"ಬೇಡ. ಆ ಮೂಲೇಲಿ ಇರೋದು?"

ಬೂದು ಬಣ್ಣದ, ಉದ್ದನೆಯ, ಯಾರೂ ಎರಡನೇ ಸಲ ತಿರುಗಿ ನೋಡದ ಬಿಲ್ಲು.

"ಅದು ನಿಧಾನ. ಗಾಳೀಲಿ ಬಾಣ ಜಾಸ್ತಿ ಸರಿಯತ್ತೆ. ಅದೂ ಅಲ್ಲದೆ ಕೈಗೆ ತೂಕ."

"ಕೊಡು."

ಅವಳು ಕಣ್ಣು ಮುಚ್ಚಿ ಎಳೆದಳು. ನಡುವೆ ಎಲ್ಲೂ ಏರು ದಿಬ್ಬ ಸಿಗಲಿಲ್ಲ. ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿದ ಹಾಗೆ, ತುದಿಗೆ ಬಂದು ನಿಂತಿತು. ಕಿತ್ತುಕೊಳ್ಳಲಿಲ್ಲ, ಅವಸರ ಮಾಡಲಿಲ್ಲ. ಕಣ್ಣು ತೆರೆದಾಗ ಚುಕ್ಕೆ ಹಳದಿಯ ನಡುವೆ ಸುಮ್ಮನೆ ಕೂತಿತ್ತು. ಬಿಟ್ಟಳು. ಮತ್ತೊಂದು. ಮತ್ತೊಂದು.

"ಇದೇ."

"ನಂಗೆ ಒಪ್ಪಿಗೆ ಇಲ್ಲ," ಅಂದ ಅವನು. "ದೊಡ್ಡ ಪಂದ್ಯಕ್ಕೆ ಇದು ಸಾಲಲ್ಲ. ಗಾಳಿ ಬಂದ್ರೆ ಸೋಲ್ತೀಯಾ."

"ಸೋಲ್ತೀನಿ. ಗೊತ್ತಿದ್ದು ಸೋಲ್ತೀನಿ."

ಅವನು ಅವಳನ್ನೇ ನೋಡಿದ. ಆಮೇಲೆ ಮೇಜಿನಿಂದ ತಿರುಪಿನ ಕೀಲಿ ತೆಗೆದು, ಅವಳ ಅಂಗೈಯಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ.

ಅವಳೇ ತಿರುಪುಗಳನ್ನು ಸಡಿಲಿಸಿದಳು, ಡಾಕ್ಟರ್ ಹೇಳಿದಷ್ಟಕ್ಕೆ. ಮೇಲಿನದ್ದು ಮುಗಿಸಿ ಕೊಂಚ ತಡೆದಾಗ ಅವನ ಬಾಯಿ ತೆರೆದು ಮುಚ್ಚಿತು.

"ಏನು? ಹೇಳು."

"ಕೆಳಗಿನದ್ದೂ ಅಷ್ಟೇ ತಿರುಗಿಸ್ಬೇಕು."

"ಗೊತ್ತು ಕಣೋ!"

'ಕಣೋ' ಎಂಬ ಮಾತು ಅವಳ ಅನುಮತಿಯಿಲ್ಲದೆ ಹೊರಬಿದ್ದಿತ್ತು. ಅವನ ಮುಖದ ಮೇಲೆ ಮೂಡಿದ ಬೆಳಕನ್ನು ಕಂಡು ಅವಳು ತಕ್ಷಣ ಬಿಗಿಯಾದಳು.

"ಬಿಲ್ಲು ಆರಿಸಿದೀನಿ, ಅಷ್ಟೇ. ಇನ್ನೇನೂ ಆರಿಸಿಲ್ಲ."

"ಸರಿ," ಅಂದ ಅವನು.

* * *

ಊರಾಚೆಯ ಮೈದಾನದಲ್ಲಿ ಸಣ್ಣದೊಂದು ಮುಕ್ತ ಪಂದ್ಯ. ಹೆಸರಾಂತ ಬಿಲ್ಲುಗಾರರು ಯಾರೂ ಬಾರದ, ಬಯಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ ಪಂದ್ಯ. ಮೊದಲ ಸುತ್ತನ್ನು ಅವಳು ಗೆದ್ದಳು. ಎರಡನೆಯದರಲ್ಲಿ ಗಾಳಿ ಎದ್ದಿತು. ಅವನು ಹೇಳಿದ ಹಾಗೆಯೇ ಬಾಣಗಳು ಸರಿದವು. ಕಾಲೇಜು ಹುಡುಗಿಯೊಬ್ಬಳು ಅವಳನ್ನು ಸೋಲಿಸಿ, ನಂಬಲಾಗದೆ ಕಿರುಚಿದಳು.

ಅವಳು ಹುಡುಗಿಯ ಕೈ ಕುಲುಕಿದಳು. ಬೇಸರವಾಯಿತು, ಖಂಡಿತ. ಆದರೆ ಆ ಬೇಸರ ಪೂರ್ತಿ ಅವಳದಾಗಿತ್ತು. ಪ್ರತಿ ಬಾಣವೂ ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಅನ್ನುವುದು ಅವಳಿಗೆ ಗೊತ್ತಿತ್ತು.

ತಿರುಗಿದಾಗ ಕಂಡಿತು. ಕೊನೆಯ ಸಾಲಿನ ಆಚೆ, ಬೇಲಿಯ ಹತ್ತಿರ, ಅವನು.

ಅವಳು ಬಿಲ್ಲನ್ನು ಸ್ಟ್ಯಾಂಡಿನಲ್ಲಿಟ್ಟು ಅವನತ್ತ ನಡೆದಳು.

"ಯಾಕೆ ದೂರ ನಿಂತಿದೀಯಾ?"

"ನೀನು ಕರೀಲಿಲ್ಲ."

"ಸೋತೆ."

"ನೋಡ್ದೆ." ಅವನು ತಡವರಿಸಿದ. ಅವನ ಕಣ್ಣು ಅವಳ ಭುಜದ ಕಡೆ ಹೋಗಿ ವಾಪಸ್ ಬಂತು. "ನೋ... ನೋವಿದೆಯಾ?"

'ಇಲ್ಲ' ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

"ಇದೆ. ಸ್ವಲ್ಪ. ಇಲ್ಲಿ, ಹಿಂದುಗಡೆ." ಒಂದು ಕ್ಷಣ ಬಿಟ್ಟು ಕೇಳಿದಳು, "ನಿಂಗೆ?"

"ನಂಗೇನು..." ಎಂದು ಶುರುಮಾಡಿದವನು ನಿಲ್ಲಿಸಿದ. ಅವನ ಕಣ್ಣು ತುಂಬಿ ಬಂದಿತ್ತು. "ಇದೆ. ತುಂಬಾ ಇದೆ. ನೀನಿಲ್ಲದೆ ಒಂದು ದಿನಾನೂ ಸರಿಯಾಗಿ ಉಸಿರಾಡಿಲ್ಲ ಕಣೇ. ಮತ್ತೆ ಯಾವತ್ತೂ ನಿನಗೆ ಹೇಳದೆ ಏನೂ..."

"ಆಣೆ ಎಲ್ಲ ಬೇಡ," ಅವಳು ತಡೆದಳು. "ನನಗಿನ್ನೂ ಸಿಟ್ಟಿದೆ. ನಾಳೆನೂ ಇರತ್ತೆ. ಒಂದೊಂದು ದಿನ ಜೋರಾಗೇ ಬರತ್ತೆ."

"ಬರಲಿ."

"ಆಗ ಸುಮ್ಮನಿರಬಾರದು. ಜಗಳ ಆಡ್ಬೇಕು. ಬಾಯಿ ಬಿಟ್ಟು."

"ಆಡ್ತೀನಿ."

ಅವಳು ಬಲಗೈಯನ್ನು ಮೆಲ್ಲಗೆ ಎತ್ತಿ, ನೋವಾಗುವಷ್ಟು ಎತ್ತಿ, ಅವನ ಕೆನ್ನೆಯ ಮೇಲಿನ ನೀರನ್ನು ಒರೆಸಿದಳು.

"ಈಗ ಎಲ್ಲಿರೋದು ನೀನು?"

"ಅಂಗಡಿ ಮೇಲೆ. ಒಂದು ರೂಮು." ಅವನು ಮುಜುಗರದಿಂದ ಅಂದ. "ಒಂದೇ ಕುರ್ಚಿ ಇರೋದು."

"ಪರವಾಗಿಲ್ಲ," ಅಂದಳು ಅವಳು. "ನಾನು ಕೂತ್ಕೋತೀನಿ, ನೀನು ನಿಂತ್ಕೋ."